ಮಾರುತಿ 800ರ ಮಧ್ಯದ ಪ್ಲಗ್ ಮಾತ್ರ ಪದೇ ಪದೇ ಕಪ್ಪಾಗ್ತದೆ, ಎಂತ ಮಾಡುದು?

ಪ್ರಶ್ನೆ: ಸರ್ ನಮಸ್ಕಾರ. ನನ್ನ ಹತ್ರ 1996ರ ಮಾರುತಿ 800 ಉಂಟು, ಕಾರ್ಬುರೇಟರ್‌ದು. ಅಪ್ಪ ತಗೊಂಡ ಗಾಡಿ, ಹಾಗಾಗಿ ಕೊಡ್ಲಿಕ್ಕೆ ಮನಸ್ಸಿಲ್ಲ. ಮಲ್ಪೆಯಿಂದ ಉಡುಪಿಗೆ ದಿನಾ ಕೆಲಸಕ್ಕೆ ಇದ್ರಲ್ಲೇ ಹೋಗುದು. 8 ತಿಂಗಳಲ್ಲಿ 4 ಸಲ ಸ್ಪಾರ್ಕ್ ಪ್ಲಗ್ (ಪೆಟ್ರೋಲ್ ಹೊತ್ತಿಸ್ಲಿಕ್ಕೆ ಕಿಡಿ ಕೊಡುದು) ಬದಲಿಸಿ ಆಯ್ತು, ಹೊಸತು ಹಾಕಿದ್ರೆ ಒಂದು ತಿಂಗಳು ಚಂದ ಓಡ್ತದೆ, ಮತ್ತೆ ಐಡಲಿಂಗಲ್ಲಿ ನಡುಗ್ಲಿಕ್ಕೆ ಶುರು, ಪಿಕಪ್ ಇಲ್ಲ. ಬಿಚ್ಚಿ ನೋಡಿದ್ರೆ ಆಚೀಚೆ ಎರಡು ಸ್ವಲ್ಪ ಕಪ್ಪು, ಮಧ್ಯದ್ದು ಮಾತ್ರ ಪೂರ್ತಿ ಕಪ್ಪು ಮತ್ತು ಒದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಒಂದು ಸಲ ನೀಲಿ ಹೊಗೆ ಬಂದು ನಿಲ್ತದೆ. ಒಬ್ಬ ಮೆಕ್ಯಾನಿಕ್ ಹಾಟ್ ಪ್ಲಗ್, ಅಂದ್ರೆ ತುದಿ ಹೆಚ್ಚು ಬಿಸಿಯಾಗುವ ಪ್ಲಗ್ ಹಾಕುವ ಅಂತಾರೆ, ಇನ್ನೊಬ್ಬರು ಇಂಜಿನ್ ಇಳಿಸ್ಬೇಕು, ಪಿಸ್ಟನ್ ರಿಂಗ್ ಹೋಗಿದೆ ಅಂತಾರೆ. ಯಾರ ಮಾತು ಕೇಳುದು?

ಉತ್ತರ: ನಮಸ್ಕಾರ. ಸದ್ಯಕ್ಕೆ ಇಬ್ಬರ ಮಾತೂ ಬೇಡ. ಇಂಜಿನ್ ಇಳಿಸುದು ಕೊನೆಯ ಮಾತು, ಅದಕ್ಕೆ ಮೊದ್ಲು ಮಾಡ್ಲಿಕ್ಕೆ ಸುಮಾರು ಉಂಟು.

ಮೂರು ಪ್ಲಗ್ಗಲ್ಲಿ ಒಂದೇ ಹೀಗಾಗ್ತದೆ ಅಂತ ಬರ್ದಿದ್ದೀರಿ ನೋಡಿ, ಅರ್ಧ ಉತ್ತರ ಅದ್ರಲ್ಲೇ ಉಂಟು. ಏರ್ ಫಿಲ್ಟರ್ ಕಟ್ಟಿದ್ರೆ, ಚೋಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ವಾಪಸ್ ಹೋಗ್ದಿದ್ರೆ, ಕಾರ್ಬುರೇಟರಲ್ಲಿ ಫ್ಲೋಟ್ ಲೆವೆಲ್ (ಒಳಗೆ ನಿಲ್ಲುವ ಪೆಟ್ರೋಲಿನ ಮಟ್ಟ) ಜಾಸ್ತಿಯಾಗಿ ಪೆಟ್ರೋಲ್ ಹೆಚ್ಚು ಬರ್ತಾ ಇದ್ರೆ ಮೂರೂ ಪ್ಲಗ್ ಒಟ್ಟಿಗೆ ಕಪ್ಪಾಗ್ಬೇಕು, ಯಾಕಂದ್ರೆ ಮೂರು ಸಿಲಿಂಡರಿಗೂ ಗಾಳಿ ಪೆಟ್ರೋಲ್ ಕೊಡುದು ಅದೊಂದೇ ಕಾರ್ಬುರೇಟರ್. ಮಧ್ಯದ್ದು ಮಾತ್ರ ಅಂದ್ರೆ ತೊಂದ್ರೆ ಆ ಸಿಲಿಂಡರಲ್ಲೇ ಉಂಟು, ಇಲ್ಲ ಅದಕ್ಕೆ ಹೋಗುವ ವೈರಲ್ಲಿ.

ಮೊದ್ಲು ಆ ಒದ್ದೆ ಎಂತದ್ದು ನೋಡಿ. ಪ್ಲಗ್ ತುದಿಯನ್ನು ಬಿಳಿ ಕಾಗದಕ್ಕೆ ಒತ್ತಿ ಅರ್ಧ ಗಂಟೆ ಬಿಡಿ. ಪೆಟ್ರೋಲ್ ಆದ್ರೆ ಆರಿ ಹೋಗ್ತದೆ, ವಾಸನೆಯಲ್ಲೇ ಗೊತ್ತಾಗ್ತದೆ. ಆಯಿಲ್ ಆದ್ರೆ ಕಾಗದದಲ್ಲಿ ಜಿಡ್ಡಿನ ಕಲೆ ಉಳೀತದೆ. ಪೆಟ್ರೋಲ್ ಅಂತ ಆದ್ರೆ ಆ ಸಿಲಿಂಡರಲ್ಲಿ ಕಿಡಿ ಸರಿ ಬರ್ತಾ ಇಲ್ಲ ಅಂತ ಅರ್ಥ, ಆಗ ಪ್ಲಗ್ಗಿಗೆ ಕರೆಂಟ್ ತರುವ ಹೈ ಟೆನ್ಷನ್ ವೈರ್, ಆ ಕರೆಂಟನ್ನು ಮೂರು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ನೋಡ್ಬೇಕು. ನಮ್ಮ ಕರಾವಳಿಯಲ್ಲಿ ಇದು ತುಂಬಾ ಸಾಮಾನ್ಯ ಮಾರಾಯ್ರೆ, ಅದ್ರಲ್ಲೂ ಮಲ್ಪೆ ಅಂದ್ರೆ ಉಪ್ಪು ಗಾಳಿ, ಜೂನಿಂದ ಸೆಪ್ಟೆಂಬರ್ ತನಕ ತೇವ, ಹಳೇ ವೈರಿನ ರಬ್ಬರ್ ಬಿರುಕು ಬಿಟ್ಟಿದ್ರೆ ಕರೆಂಟ್ ಪ್ಲಗ್ಗಿಗೆ ಹೋಗುದು ಬಿಟ್ಟು ಇಂಜಿನ್ ಬಾಡಿಗೆ ಹಾರ್ತದೆ. ರಾತ್ರಿ ಲೈಟ್ ಆಫ್ ಮಾಡಿ, ಬಾನೆಟ್ ಎತ್ತಿ, ಇಂಜಿನ್ ಓಡ್ತಿರುವಾಗ ದೂರದಿಂದ ನೋಡಿ, ನೀಲಿ ಮಿಂಚು ಕಂಡ್ರೆ ಅದೇ ಕಾರಣ. ಕೈ ಮಾತ್ರ ಹಾಕ್ಬೇಡಿ.

ಆದ್ರೆ ನೀವು ಹೇಳಿದ ನೀಲಿ ಹೊಗೆ ನೋಡಿದ್ರೆ ನನಗೆ ಅನಿಸುದು ಅದು ಆಯಿಲ್. ಆಯಿಲ್ ಒಳಗೆ ಬರ್ಲಿಕ್ಕೆ ಎರಡು ದಾರಿ, ಕೆಳಗಿಂದ ಪಿಸ್ಟನ್ ಸುತ್ತ ಇರುವ ರಿಂಗ್ ದಾಟಿ ಬರ್ಬೇಕು ಇಲ್ಲ ಮೇಲಿಂದ ವಾಲ್ವ್ ಸ್ಟೆಮ್ ಸೀಲ್ (ವಾಲ್ವಿನ ಕಡ್ಡಿ ಸುತ್ತ ಆಯಿಲ್ ತಡೆಯುವ ರಬ್ಬರ್) ದಾಟಿ ಇಳೀಬೇಕು. ಈ ಎರಡನ್ನು ಬೇರೆ ಮಾಡ್ಲಿಕ್ಕೆ ಗೊತ್ತಿಲ್ದೆ ಎಷ್ಟೋ ಒಳ್ಳೆ ಇಂಜಿನ್‌ಗಳನ್ನು ಸುಮ್ನೆ ಬಿಚ್ಚಿದ್ದನ್ನು ನಾನು ನೋಡಿದ್ದೇನೆ, ಬೇಜಾರಾಗ್ತದೆ. ಸೀಲ್ ಗಟ್ಟಿಯಾಗಿ ಹೋದ್ರೆ ರಾತ್ರಿಯಿಡೀ ಗಾಡಿ ನಿಂತಾಗ ಮೇಲಿನ ಆಯಿಲ್ ವಾಲ್ವಿನ ಕಡ್ಡಿ ಹಿಡ್ಕೊಂಡು ಹನಿ ಹನಿಯಾಗಿ ಇಳೀತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದಿಷ್ಟು ಉರಿದು ಒಂದು ಸಲ ನೀಲಿ ಹೊಗೆ, ಮತ್ತೆ ಇಲ್ಲ. ರಿಂಗ್ ಹೋದ್ರೆ ಹಾಗಲ್ಲ, ಲೋಡ್ ಬಿದ್ದಾಗೆಲ್ಲ ಹೊಗೆ ಬರ್ತಾನೇ ಇರ್ತದೆ, ಆಯಿಲ್ ಹಾಕುವ ಮುಚ್ಚಳ ತೆಗೆದ್ರೆ ಅಲ್ಲಿಂದ್ಲೂ ಬುಸುಬುಸು ಅಂತ ಹೊಗೆ ಬರ್ತದೆ.

ಇನ್ನೂ ಖಚಿತ ಬೇಕಾದ್ರೆ ಒಂದು ಭಾನುವಾರ ಆಗುಂಬೆಗೆ ಹೋಗಿ ಬನ್ನಿ, ಹಿಂದಿನ ಸೀಟಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು. ಸೋಮೇಶ್ವರದಿಂದ ಆ 14 ಹೇರ್‌ಪಿನ್ ಹತ್ತುವಾಗ ಹಿಂದೆ ಹೊಗೆ ಬಂದ್ರೆ ರಿಂಗಿನ ಕಡೆ ಸಂಶಯ ಪಡ್ಬೇಕು. ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಸೆಕೆಂಡ್ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಕೆಳಗೆ ಮತ್ತೆ ಕಾಲು ಒತ್ತಿದ ಕೂಡ್ಲೇ ನೀಲಿ ಹೊಗೆ ಅಂದ್ರೆ ಸೀಲ್. ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಥ್ರಾಟಲ್ ಮುಚ್ಚಿರ್ತದೆ, ಇಂಜಿನ್ ಜೋರಾಗಿ ಎಳೀತಾ ಇರ್ತದೆ, ಗಾಳಿ ಸಿಕ್ಕುದಿಲ್ಲ, ಆ ಎಳೆತಕ್ಕೆ ಇನ್‌ಟೇಕ್ ವಾಲ್ವಿನ ಸಂದಿಂದ ಆಯಿಲ್ ಒಳಗೆ ಬರ್ತದೆ.

ಮತ್ತೆ ಕಂಪ್ರೆಷನ್ ಟೆಸ್ಟ್, ಅಂದ್ರೆ ಪ್ಲಗ್ ತೂತಿಗೆ ಗೇಜ್ ಹಾಕಿ ಸಿಲಿಂಡರಿನ ಒತ್ತಡ ಅಳೆಯುದು, ಮಾಡಿಸ್ಲೇಬೇಕು, ಇದು ಮಾಡ್ದೆ ಇಂಜಿನ್ ಇಳಿಸ್ಲಿಕ್ಕೆ ಯಾರಿಗೂ ಒಪ್ಪಿಗೆ ಕೊಡ್ಬೇಡಿ. ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಇಗ್ನಿಷನ್ ಕಾಯಿಲಿನ ವೈರ್ ಕಳಚಿ ಮಾಡ್ಬೇಕು. ಮೂರು ಸಿಲಿಂಡರ್ ಮಧ್ಯೆ ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರ್ಬಾರ್ದು. ಮಧ್ಯದ್ದು ಕಮ್ಮಿ ಬಂದ್ರೆ ಪ್ಲಗ್ ತೂತಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಇನ್ನೊಂದು ಸಲ ನೋಡ್ಬೇಕು, ಮೇಲೆ ಬಂದ್ರೆ ರಿಂಗ್, ಬರ್ಲಿಲ್ಲ ಅಂದ್ರೆ ವಾಲ್ವ್ ಸರಿ ಕೂರುದಿಲ್ಲ ಅಥವಾ ಹೆಡ್ (ಇಂಜಿನಿನ ಮೇಲಿನ ಭಾಗ) ಅಡಿಯ ಗ್ಯಾಸ್ಕೆಟ್ ಹೋಗಿದೆ. ಮೂರೂ ಸಮ ಬಂದು ಆಯಿಲ್ ಮಾತ್ರ ಬರ್ತಾ ಇದ್ರೆ ಹೆಚ್ಚಾಗಿ ಸೀಲ್ ಅಂತ ಹೇಳ್ಬಹುದು, ಸೀಲ್ ಹೋದದ್ದು ಕಂಪ್ರೆಷನಲ್ಲಿ ಕಾಣುದಿಲ್ಲ.

ಸೀಲ್ ಆದ್ರೆ ಖುಷಿ ಪಡಿ. ಈ ಇಂಜಿನಲ್ಲಿ ಒಟ್ಟು 6 ವಾಲ್ವ್, ಗೊತ್ತಿರುವವರು ಹೆಡ್ ಇಳಿಸ್ದೆ ಸೀಲ್ ಬದಲಿಸ್ತಾರೆ. ಪ್ಲಗ್ ತೂತಿಂದ ನೈಲಾನ್ ಹಗ್ಗ ತುಂಬಿ ಪಿಸ್ಟನ್ ನಿಧಾನ ಮೇಲೆ ತಂದ್ರೆ ಹಗ್ಗ ವಾಲ್ವನ್ನು ಹಿಡ್ಕೊಳ್ತದೆ, ಸ್ಪ್ರಿಂಗ್ ತೆಗೆದ್ರೂ ವಾಲ್ವ್ ಒಳಗೆ ಬೀಳುದಿಲ್ಲ. ಆಗ ವಾಲ್ವಿನ ಕಡ್ಡಿ ಹಿಡಿದು ಅಲ್ಲಾಡಿಸಿ ನೋಡ್ಲಿಕ್ಕೆ ಹೇಳಿ, ತುಂಬಾ ಆಡಿದ್ರೆ ಗೈಡ್ (ಕಡ್ಡಿ ಓಡಾಡುವ ಕೊಳವೆ) ಸವೆದಿದೆ, ಹೊಸ ಸೀಲ್ ಬಾಳುದಿಲ್ಲ, ಆಗ ಹೆಡ್ ಇಳಿಸ್ಲೇಬೇಕು.

ಹಾಟ್ ಪ್ಲಗ್ ವಿಷಯ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ದಾಟಿದ್ರೆ ಮಸಿಯನ್ನು ತಾನೇ ಸುಟ್ಟು ಹಾಕ್ತದೆ, ಹಾಗಾಗಿ ಹಾಟ್ ಪ್ಲಗ್ ಹಾಕಿದ್ರೆ ಕೆಲವು ದಿನ ಸರಿ ಕಾಣ್ತದೆ, ಆದ್ರೆ ಆಯಿಲ್ ಬರುದು ನಿಲ್ಲುದಿಲ್ಲ, ಮತ್ತೆ ಅದೇ ಪ್ಲಗ್ ಘಾಟಿ ಹತ್ತುವಾಗ ಅತಿಯಾಗಿ ಕಾದು ಕಿಡಿಗೆ ಮೊದ್ಲೇ ಪೆಟ್ರೋಲ್ ಹೊತ್ತಿಸಿದ್ರೆ ಪಿಸ್ಟನ್ನಿಗೇ ತೂತು. ಇನ್ನೊಂದು, ಎನ್‌ಜಿಕೆಯಲ್ಲಿ ನಂಬರ್ ಕಮ್ಮಿ ಆದಷ್ಟು ಹಾಟ್, ಬಾಷ್‌ನಲ್ಲಿ ನಂಬರ್ ಜಾಸ್ತಿ ಆದಷ್ಟು ಹಾಟ್, ಪೂರ್ತಿ ಉಲ್ಟಾ. ಕಂಪನಿ ಬದಲಿಸುವಾಗ ಅಂಗಡಿಯಲ್ಲೇ ತಪ್ಪು ಕೊಡ್ತಾರೆ, ಈಗ ಹಾಕಿದ್ದು ನಿಮ್ಮ ಗಾಡಿಗೆ ಹೇಳಿದ್ದೇ ಹೌದಾ ನೋಡಿ. ಗ್ಯಾಪ್, ಅಂದ್ರೆ ತುದಿಯಲ್ಲಿ ಕಿಡಿ ಹಾರುವ ಸಂದು, 0.7ರಿಂದ 0.8 ಮಿಲಿಮೀಟರ್.

ಆಚೀಚೆ ಎರಡು ಪ್ಲಗ್ ಸ್ವಲ್ಪ ಕಪ್ಪು ಅಂದ್ರಲ್ಲ, ಅದು ಬೇರೆ ಕತೆ. ಮಲ್ಪೆಯಿಂದ ಉಡುಪಿಗೆ ಹೆಚ್ಚಂದ್ರೆ 6 ಕಿಲೋಮೀಟರ್, ಇಂಜಿನ್ ಬಿಸಿ ಏರುವಷ್ಟರಲ್ಲಿ ನಿಮ್ಮ ಆಫೀಸ್ ಬಂತು. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಹೋಗದ ಹಾಗೆ ತಡೆಯುದು) ಉಂಟಾ ಅಂತ ಬಿಚ್ಚಿ ನೋಡಿಸಿ. ಹೀಟ್ ಆಗ್ತದೆ ಅಂತ ಅದನ್ನು ತೆಗೆದು ಬಿಸಾಡುವ ಅಭ್ಯಾಸ ನಮ್ಮ ಕಡೆ ತುಂಬಾ ಉಂಟು, ಅದಿಲ್ದಿದ್ರೆ ಇಂಜಿನ್ ಬಿಸಿಯಾಗ್ಲಿಕ್ಕೆ ತುಂಬಾ ಹೊತ್ತು ಬೇಕು, ನಿಮ್ಮ ಚಿಕ್ಕ ಓಡಾಟಕ್ಕೆ ಅಂತೂ ಪ್ಲಗ್ ಒಣಗುದೇ ಇಲ್ಲ. ವಾರಕ್ಕೊಂದು ಸಲ ಹೈವೇಲಿ ಪಡುಬಿದ್ರೆ ತನಕ ಹೋಗಿ ಬಂದ್ರೆ ಒಳ್ಳೇದು.

ಪ್ಲಗ್ಗನ್ನು ತಂತಿ ಬ್ರಷ್ಷಲ್ಲಿ ಉಜ್ಜಬೇಡಿ. ಬಿಳಿ ಪಿಂಗಾಣಿ ಮೇಲೆ ಲೋಹದ ಗೀರು ಬಿದ್ರೆ ಕರೆಂಟ್ ಗ್ಯಾಪ್ ಹಾರುದು ಬಿಟ್ಟು ಆ ಗೀರಲ್ಲೇ ಹರೀತದೆ. ಬಿಚ್ಚುವಾಗ ಇಂಜಿನ್ ತಣ್ಣಗಾಗಿರ್ಲಿ, ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ತಿರುಗಿಸಿದ್ರೆ ಥ್ರೆಡ್ ಕಿತ್ತು ಬರ್ತದೆ. ಹೊಸತು ಹಾಕುವಾಗ ಮೊದ್ಲು ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪಾನರ್.

ಸೀಲ್ ಹಾಕಿಸಿದ ಮೇಲೆ ಮೂರೂ ಹೊಸ ಪ್ಲಗ್ ಹಾಕಿ 500 ಕಿಲೋಮೀಟರ್ ಓಡಿಸಿ ಬಿಚ್ಚಿ ನೋಡಿ. ಮಧ್ಯದ್ದು ಆಚೀಚೆಯದರ ಹಾಗೆ ತಿಳಿ ಕಂದು ಬಣ್ಣಕ್ಕೆ ಬಂದಿದ್ರೆ ಅಪ್ಪನ ಗಾಡಿ ಇನ್ನೂ ಸುಮಾರು ವರ್ಷ ಓಡ್ತದೆ, ಮತ್ತೂ ಜಿಡ್ಡು ಕಂಡ್ರೆ ಕಂಪ್ರೆಷನ್ ನಂಬರ್ ಮೂರನ್ನೂ ಬರೆದು ಕಳಿಸಿ, ಅಲ್ಲಿಂದ ಮುಂದೆ ನೋಡುವ.