ಶಿಫಾರಸು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡಬೇಕಾ?

ಅಮೆರಿಕದ ಪಿಎಚ್‌ಡಿ ಅರ್ಜಿಯಲ್ಲಿ ಬರುವ ಈ ಪ್ರಶ್ನೆಗೆ ಧಾರಾಳವಾಗಿ ‘ಹೌದು’ ಅಂತ ಟಿಕ್ ಮಾಡಿ. ಅಲ್ಲಿನ 1974ರ ಫರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಆದರೆ ಅದು ಆ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ. ಸೀಟೇ ಸಿಗದಿದ್ದರೆ ಆ ಹಕ್ಕು ಹೇಗೂ ಇಲ್ಲ, ಅಲ್ವಾ?

ಹಕ್ಕು ಉಳಿಸಿಕೊಂಡರೆ ತೊಂದರೆಯೇ ಜಾಸ್ತಿ. ವಿದ್ಯಾರ್ಥಿ ಮುಂದೆ ಈ ಪತ್ರ ಓದುತ್ತಾನೆ ಅಂತ ಪ್ರೊಫೆಸರ್ ಸುಮ್ನೆ ಹೊಗಳಿರಬಹುದು ಎಂಬ ಅನುಮಾನ ಆಯ್ಕೆ ಸಮಿತಿಗೆ ಬರುತ್ತದೆ. ಕೆಲವರು ಪತ್ರ ಬರೆಯಲು ಒಪ್ಪುವುದೇ ಇಲ್ಲ.

ಏನು ಬರೆದುಬಿಡುತ್ತಾರೋ ಅನ್ನುವ ಅಳುಕಿದ್ದರೆ ಮೊದಲೇ ಕೇಳಿಬಿಡಿ: ‘ಸರ್, ನನ್ನ ಕೆಲಸದ ಬಗ್ಗೆ ಗಟ್ಟಿಯಾಗಿ ಬರೆಯಲು ಆಗುತ್ತಾ?’ ಅವರು ತಡವರಿಸಿದರೆ, ಒತ್ತಾಯ ಮಾಡಬೇಡಿ. ನಿಮ್ಮ ಪ್ರಾಜೆಕ್ಟ್ ಹತ್ತಿರದಿಂದ ನೋಡಿದ ಬೇರೆಯವರನ್ನು ಹಿಡಿಯಿರಿ, ಹುದ್ದೆ ಚಿಕ್ಕದಾದರೂ ಪರವಾಗಿಲ್ಲ.