ಸ್ನೋಮೊಬೈಲ್ ಓಡಿಸಿದ ನೆನಪುಗಳಲ್ಲಿ ನಿಮಗೆ ಅತ್ಯಂತ ಇಷ್ಟವಾದದ್ದು ಯಾವುದು? ಇದು ಬರೀ ಸದ್ದುಗದ್ದಲದ ಆಟವೋ, ಒಮ್ಮೆಯಾದರೂ ಮಾಡಿ ನೋಡುವಂಥದ್ದೋ?

ನೀವು ಒಂದರೊಳಗೆ ಎರಡು ಪ್ರಶ್ನೆ ಇಟ್ಟಿದ್ದೀರಿ. ಅಚ್ಚುಮೆಚ್ಚಿನ ನೆನಪು ಯಾವುದು ಅನ್ನುವುದು ಒಂದು. ಇದು ಬರೀ ಸದ್ದುಗದ್ದಲದ ಆಟವೋ, ಒಮ್ಮೆಯಾದರೂ ಮಾಡಿ ನೋಡುವಂಥದ್ದೋ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಕೇಳಿ ನಿಮಗೆ ನಿರಾಸೆಯಾದರೂ ಆದೀತು. ಸ್ನೋಮೊಬೈಲ್ ಅಂದರೆ ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ: ಮುಂದೆ ಜಾರುವ ಸ್ಕೀಗಳು, ಹಿಂದೆ ಚಕ್ರದ ಬದಲು ಟ್ರ್ಯಾಕ್ ಅನ್ನುವ ತಿರುಗುವ ರಬ್ಬರ್ ಪಟ್ಟಿ. ಹೆಪ್ಪುಗಟ್ಟಿದ ಸರೋವರದ ಮೇಲೆ ಅದನ್ನು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿ ಓಡಿಸಿದ್ದುಂಟು. ಆದರೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ಉಳಿದಿಲ್ಲ. ಉಳಿದಿರುವುದೆಲ್ಲ ಗಾಡಿ ನಿಂತಾಗಿನದು, ಹೂತುಕೊಂಡಾಗಿನದು, ತೆವಳಿದಾಗಿನದು.

ಯಾಕೆ ಅಂದರೆ ವೇಗದಲ್ಲಿರುವಾಗ ಸವಾರನಿಗೆ ಪುರುಸೊತ್ತೇ ಇರುವುದಿಲ್ಲ. ಕಣ್ಣು ಮುಂದಿನ ಗಾಡಿಯ ಕೆಂಪು ದೀಪದ ಮೇಲೆ. ಅದರ ಟ್ರ್ಯಾಕ್ ಎಬ್ಬಿಸುವ ಹಿಮದ ಪುಡಿಯಲ್ಲಿ ಆ ದೀಪವೂ ಆಗಾಗ ಮಾಯ. ಥ್ರಾಟಲ್ ಬೈಕಿನ ಹಾಗೆ ತಿರುಚುವುದಲ್ಲ, ಬಲ ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಲಿವರ್. ಸಂಜೆಯ ಹೊತ್ತಿಗೆ ಆ ಹೆಬ್ಬೆರಳು ನಮ್ಮದಲ್ಲ ಅನ್ನಿಸುತ್ತದೆ. ಇನ್ನು ಸರೋವರದ ನುಣುಪು ಮಂಜುಗಡ್ಡೆಯ ಮೇಲಂತೂ ಇಂಜಿನ್ ಬಿಸಿಯಾಗುತ್ತಿದೆಯಾ ಅಂತ ಮೀಟರ್ ನೋಡುತ್ತಲೇ ಇರಬೇಕು. ಟ್ರ್ಯಾಕ್ ಎರಚುವ ಹಿಮ ಗಾಡಿಯ ಅಡಿಭಾಗಕ್ಕೆ ಬಡಿದು, ಇಂಜಿನ್ನಿನ ಬಿಸಿ ಹೀರುವ ಕೂಲಂಟ್ ದ್ರವವನ್ನು ತಣಿಸುವುದು ಇದರ ಏರ್ಪಾಡು. ಪುಡಿ ಹಿಮವೇ ಇಲ್ಲದ ಕಡೆ ತಣಿಸುವುದಕ್ಕೆ ಏನೂ ಇಲ್ಲ. ಸುತ್ತಲೂ ಹಿಮವಿದ್ದು ಇಂಜಿನ್ ಬಿಸಿಯಾಯಿತು ಅಂದರೆ ಮೊದಲ ಸಲ ಯಾರೂ ನಂಬುವುದಿಲ್ಲ.

ನನ್ನ ಅಚ್ಚುಮೆಚ್ಚಿನದು ಯೆಲ್ಲೋಸ್ಟೋನ್. ಅಮೆರಿಕದ ಈ ರಾಷ್ಟ್ರೀಯ ಉದ್ಯಾನದ ಬಹುಪಾಲು ರಸ್ತೆಗಳನ್ನು ಚಳಿಗಾಲದಲ್ಲಿ ಕಾರುಗಳಿಗೆ ಮುಚ್ಚಿಬಿಡುತ್ತಾರೆ. ಡಿಸೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಅದೇ ರಸ್ತೆಗಳ ಮೇಲಿನ ಹಿಮವನ್ನು ಯಂತ್ರದಿಂದ ಸಮ ಮಾಡಿ ಸ್ನೋಮೊಬೈಲ್‌ಗಳನ್ನು ಬಿಡುತ್ತಾರೆ. ಮನಸ್ಸಿಗೆ ಬಂದ ಹಾಗೆ ನುಗ್ಗುವಂತಿಲ್ಲ. ಗೈಡ್ ಮುಂದೆ, ನಾವು ಸಾಲಾಗಿ ಹಿಂದೆ, ಗುಂಪಿಗೆ ಹತ್ತು ಗಾಡಿ ಮೀರುವಂತಿಲ್ಲ, ವೇಗ ಗಂಟೆಗೆ 35 ಮೈಲಿ, ಅಂದರೆ ಸುಮಾರು 56 ಕಿಲೋಮೀಟರ್. ವೆಸ್ಟ್ ಯೆಲ್ಲೋಸ್ಟೋನ್ ಊರಿನಿಂದ ಓಲ್ಡ್ ಫೇಯ್ತ್‌ಫುಲ್ ಎಂಬ ಬಿಸಿನೀರಿನ ಚಿಲುಮೆಯವರೆಗೆ ಸುಮಾರು 48 ಕಿಲೋಮೀಟರ್ ದಾರಿ. ನಾನು, ಅಕ್ಕ, ಭಾವ ಮೂವರೂ ಹೋಗಿದ್ದೆವು. ನಾನೊಂದು ಗಾಡಿಯಲ್ಲಿ, ಇನ್ನೊಂದರಲ್ಲಿ ಭಾವ ಮುಂದೆ, ಅಕ್ಕ ಹಿಂದೆ.

ಮ್ಯಾಡಿಸನ್ ನದಿಯ ಪಕ್ಕದಲ್ಲಿ ಹೋಗುತ್ತಿದ್ದಾಗ ಗೈಡ್ ಕೈ ಮೇಲೆತ್ತಿದಳು. ಎಲ್ಲರೂ ಬಲಕ್ಕೆ ಸರಿದು ನಿಂತೆವು. ಇಂಜಿನ್ ಆರಿಸಿ, ಗಾಡಿ ಬಿಟ್ಟು ಕದಲಬೇಡಿ ಅಂದಳು. ಎದುರಿನಿಂದ ಬೈಸನ್, ಅಂದರೆ ಅಮೆರಿಕದ ಕಾಡುಕೋಣಗಳ ಹಿಂಡು ಅದೇ ರಸ್ತೆಯಲ್ಲಿ ನಡೆದು ಬರುತ್ತಿತ್ತು. ಪಕ್ಕದಲ್ಲೆಲ್ಲ ಎದೆಮಟ್ಟದ ಹಿಮ. ಗಟ್ಟಿ ಮಾಡಿಟ್ಟ ರಸ್ತೆ ಸಿಕ್ಕರೆ ಅವು ಯಾಕೆ ಬಿಟ್ಟಾವು? ಬೈಸನ್‌ಗಳಿಂದ 25 ಗಜ ದೂರ ಇರಬೇಕು ಅನ್ನುವುದು ಅಲ್ಲಿನ ನಿಯಮ. ಆದರೆ ಅವೇ ನಮ್ಮ ಕಡೆ ಬಂದರೆ ಅಲುಗಾಡದೆ ಕೂರುವುದೊಂದೇ ದಾರಿ. ದೊಡ್ಡ ಗಂಡು ಬೈಸನ್ 900 ಕಿಲೋವರೆಗೂ ತೂಗುತ್ತದೆ. ಅಂಥ ಪ್ರಾಣಿ ಹ್ಯಾಂಡಲ್ ಪಕ್ಕದಲ್ಲಿ ಹಾದುಹೋಗುವಾಗ ಹೆಲ್ಮೆಟ್ಟಿನೊಳಗೆ ನಮ್ಮ ಉಸಿರು ನಮಗೇ ಜೋರಾಗಿ ಕೇಳುತ್ತದೆ. ಅವುಗಳ ಬೆನ್ನ ಮೇಲೆ ಬಿದ್ದ ಹಿಮ ಕರಗಿರಲಿಲ್ಲ. ತುಪ್ಪಳ ಅಷ್ಟು ದಟ್ಟ, ಮೈಯ ಬಿಸಿ ಹೊರಗೆ ಬರುವುದೇ ಇಲ್ಲ. ಒಂದು ಮುದಿ ಹೆಣ್ಣು ಬೈಸನ್ ರಸ್ತೆ ಬಿಟ್ಟು ಅಂಚಿಗೆ ಇಳಿದು, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಹಿಮ ಗೋರಿ, ಅಡಿಯ ಒಣಹುಲ್ಲಿಗೆ ಬಾಯಿ ಹಾಕಿತು. ಆ ಹೆಗಲ ಗೂನು ಯಾತಕ್ಕೆ ಅಂತ ನನಗೆ ಅಲ್ಲಿ ಗೊತ್ತಾಯಿತು: ತಲೆಯನ್ನೇ ಸಲಿಕೆ ಮಾಡಿಕೊಳ್ಳುವುದಕ್ಕೆ ಬೇಕಾದ ಸ್ನಾಯು ಅದರಲ್ಲಿದೆ.

ಕೊನೆಯದು ದಾಟಿದ ಮೇಲೂ ಅಕ್ಕ, "ರೀ, ಇಂಜಿನ್ ಹಾಕಬೇಡಿ, ಇನ್ನೂ ಸ್ವಲ್ಪ ಹೋಗಲಿ" ಅಂತ ಪಿಸುಗುಟ್ಟುತ್ತಿದ್ದಳು. ಭಾವ ಮಾತೇ ಆಡಲಿಲ್ಲ. ಓಲ್ಡ್ ಫೇಯ್ತ್‌ಫುಲ್ ಚಿಮ್ಮಿದ್ದನ್ನೂ ನೋಡಿದೆವು, ಚೆನ್ನಾಗಿತ್ತು, ಚಳಿಗೆ ಹಬೆ ಆಕಾಶ ಮುಚ್ಚುವಷ್ಟು ಎದ್ದಿತು. ಆದರೆ ಬೈಸನ್ ನೋಡಿ ಬಂದವರಿಗೆ ಅದು ಎರಡನೆಯದೇ.

ಮಾರನೆಯ ದಿನ ಉದ್ಯಾನದ ಹೊರಗೆ, ಐಡಾಹೊ ಮತ್ತು ಮೊಂಟಾನಾ ರಾಜ್ಯಗಳ ಗಡಿಯಲ್ಲಿರುವ ಟೂ ಟಾಪ್ ಬೆಟ್ಟಕ್ಕೆ ಹೋದೆವು. ಗಾಳಿಯಲ್ಲಿ ತೇಲುವ ತೇವ ಅಲ್ಲಿನ ಮರಗಳಿಗೆ ಅಂಟಿ ಹೆಪ್ಪುಗಟ್ಟುತ್ತಾ ಹೋಗಿ, ಮರ ಇದೆ ಅನ್ನುವುದೇ ಗೊತ್ತಾಗದ ಹಾಗೆ ಬಿಳಿ ಆಕಾರಗಳು ನಿಂತಿರುತ್ತವೆ. ಸವಾರರು ಅವನ್ನು ಸ್ನೋ ಘೋಸ್ಟ್ ಅನ್ನುತ್ತಾರೆ. ಫೋಟೋದಲ್ಲಿ ಅವು ಏನೂ ಅಲ್ಲ. ಬಿಳಿ ಆಕಾಶ, ಬಿಳಿ ನೆಲ, ನಡುವೆ ಬಿಳಿ ಮರ. ಕ್ಯಾಮೆರಾಕ್ಕೆ ಏನು ತಾನೇ ಸಿಕ್ಕೀತು?

ಇಳಿಯುವಾಗ ಒಂದು ಬಯಲಿನಲ್ಲಿ ಹದ ಮಾಡದ ಹೊಸ ಹಿಮ ಸಿಕ್ಕಿತು. ಗೈಡ್ ಇಲ್ಲಿ ಆಡಿಕೊಳ್ಳಬಹುದು ಅಂದದ್ದೇ ತಡ, ಭಾವ ನುಗ್ಗಿದರು. ಪುಡಿ ಹಿಮದಲ್ಲಿ ಓಡುತ್ತಿರುವಷ್ಟು ಹೊತ್ತು ಸ್ನೋಮೊಬೈಲ್ ತೇಲುತ್ತದೆ, ನಿಧಾನ ಮಾಡಿದರೆ ಮುಳುಗುತ್ತದೆ. ಮುಳುಗಿದಾಗ ಎಲ್ಲರೂ ಮಾಡುವ ಕೆಲಸ ಥ್ರಾಟಲ್ ಒತ್ತುವುದು. ಒತ್ತಿದಷ್ಟೂ ಟ್ರ್ಯಾಕ್ ಬಾವಿ ತೋಡುತ್ತದೆ. "ಭಾವ, ಬಿಡಿ, ಥ್ರಾಟಲ್ ಬಿಡಿ!" ಅಂತ ನಾನು ಕಿರುಚಿದ್ದು ಇಂಜಿನ್ ಸದ್ದಿನಲ್ಲಿ ಅವರಿಗೆ ಕೇಳಲೇ ಇಲ್ಲ. ಇನ್ನೂರು ಕಿಲೋ ಮೀರಿದ ಗಾಡಿ ಹಿಂಭಾಗ ಪೂರ್ತಿ ಹೂತು, ಮೂತಿ ಮೇಲೆತ್ತಿಕೊಂಡು ನಿಂತಿತು. ಇಳಿದವರು ಸೊಂಟದವರೆಗೆ ಹಿಮದಲ್ಲಿ.

ಎತ್ತುವುದಕ್ಕೂ ಒಂದು ಕ್ರಮವಿದೆ. ಮೊದಲು ಗಾಡಿಯ ಮುಂದಿನ ಹಿಮವನ್ನು ಕಾಲಿಂದ ತುಳಿದು ತುಳಿದು ದಾರಿ ಮಾಡಬೇಕು. ಆಮೇಲೆ ಗಾಡಿಯನ್ನು ಪಕ್ಕಕ್ಕೆ ಮಗುಚಿ, ಟ್ರ್ಯಾಕ್ ತೋಡಿದ ಗುಂಡಿಗೆ ಸಲಿಕೆಯಿಂದ ಹಿಮ ತುಂಬಿ ಗಟ್ಟಿ ಮಾಡಿ, ಮತ್ತೆ ನೆಟ್ಟಗೆ ನಿಲ್ಲಿಸಬೇಕು. ಕೊನೆಗೆ ಒಬ್ಬರು ಹದವಾಗಿ ಥ್ರಾಟಲ್ ಒತ್ತುವಾಗ ಇಬ್ಬರು ಮುಂದಿನ ಸ್ಕೀಗಳ ಕೊಂಡಿ ಹಿಡಿದು ಎಳೆಯಬೇಕು. ಕೊರೆಯುವ ಚಳಿಯಲ್ಲಿ ಎಲ್ಲರೂ ಬೆವರಿ ಜಾಕೆಟ್ ಬಿಚ್ಚಿದೆವು. ಸುಸ್ತಾಗಿ ಕೂತಿದ್ದ ಭಾವನಿಗೆ ಸಮಾಧಾನ ಮಾಡಲು ಗೈಡ್ ರಾಲ್ಫ್ ಪ್ಲೇಸ್ಟೆಡ್ ಕಥೆ ಹೇಳಿದಳು. ಮಿನೆಸೋಟಾದ ಈ ವಿಮೆ ಮಾರಾಟಗಾರ 1968ರಲ್ಲಿ ತನ್ನ ತಂಡದೊಡನೆ ಸ್ನೋಮೊಬೈಲ್‌ನಲ್ಲೇ ಉತ್ತರ ಧ್ರುವ ತಲುಪಿದವರು. ಅವರಿಗೆ ಸುಮಾರು ಆರು ವಾರ ಹಿಡಿಯಿತು. ಅಡ್ಡ ನಿಂತ ಮಂಜುಗಡ್ಡೆಯ ದಿಬ್ಬಗಳನ್ನು ಕಡಿದು ದಾರಿ ಮಾಡಿಕೊಂಡು, ಗಾಡಿಗಳನ್ನು ಎಳೆದು ದಾಟಿಸಿಕೊಂಡು ಹೋದರು. "ಹಾಗಾದರೆ ನಾನೂ ಅದೇ ಸಾಲಿನವನು" ಅಂತ ಭಾವ ಎದ್ದರು. ಆ ದಿನ ನಕ್ಕಷ್ಟು ನಾವು ಮತ್ತೆಲ್ಲೂ ನಕ್ಕಿಲ್ಲ.

ಇನ್ನೊಂದು ನೆನಪು ಮಿಶಿಗನ್ ರಾಜ್ಯದ ಕೀವಿನಾ ಪರ್ಯಾಯ ದ್ವೀಪದ್ದು. ಸುಪೀರಿಯರ್ ಸರೋವರದ ಮೇಲೆ ಬೀಸುವ ತಣ್ಣನೆಯ ಗಾಳಿ ತೇವ ಹೊತ್ತು ತಂದು ಅಲ್ಲಿ ಸುರಿಯುತ್ತದೆ. 1978–79ರ ಚಳಿಗಾಲದಲ್ಲಿ ಅಲ್ಲಿ 390.4 ಅಂಗುಲ, ಹೆಚ್ಚುಕಡಿಮೆ ಹತ್ತು ಮೀಟರ್ ಹಿಮ ಬಿದ್ದಿತ್ತು. ಅಲ್ಲಿನ ಕಾಡುದಾರಿಗಳನ್ನು ರಾತ್ರಿ ಯಂತ್ರ ಎಳೆದು ಸಮ ಮಾಡುತ್ತದೆ. ರಾತ್ರಿಯ ಚಳಿಗೆ ಅದು ಬಿಗಿದುಕೊಂಡು, ಬೆಳಗ್ಗೆ ಬೇಗ ಹೊರಟವರಿಗೆ ಆಗಷ್ಟೇ ಬಾಚಿದ ತಲೆಯ ಹಾಗೆ ಗೀರುಗೀರಾದ ದಾರಿ ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ದಾರಿ ಉಬ್ಬುತಗ್ಗಾಗಿ ಬೆನ್ನು ಮುರಿಯುತ್ತದೆ.

ಅಲ್ಲಿ ನನಗೆ ಹಿಡಿಸಿದ್ದು ಸವಾರರ ಕೈಸನ್ನೆ. ತಿರುವಿನಲ್ಲಿ ಎದುರಿನ ಗುಂಪು ಸಿಕ್ಕಾಗ ಮುಂದಿನ ಸವಾರ ಕೈಯೆತ್ತಿ ಹಿಂದಕ್ಕೆ ತೋರಿಸುತ್ತಾನೆ, ನನ್ನ ಹಿಂದೆ ಇನ್ನೂ ಇದ್ದಾರೆ ಅಂತ. ಹಾಗೆ ಒಬ್ಬೊಬ್ಬರೂ ತೋರಿಸುತ್ತಾ ಹೋಗುತ್ತಾರೆ. ಕೊನೆಯವನು ಮುಷ್ಟಿ ಕಟ್ಟಿ ತೋರಿಸಿದರೆ ಅಲ್ಲಿಗೆ ಮುಗಿಯಿತು, ಇನ್ನು ನೀವು ನಿಶ್ಚಿಂತೆಯಿಂದ ಹೋಗಬಹುದು. ಹೆಲ್ಮೆಟ್ಟಿನೊಳಗಿನ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ, ಆದರೂ ಗುರುತೇ ಇಲ್ಲದವರು ನಿಮ್ಮ ಜೀವದ ಬಗ್ಗೆ ಇಷ್ಟು ಕಾಳಜಿ ಮಾಡುತ್ತಾರೆ. ಹೆದ್ದಾರಿಯಲ್ಲಿ ನನಗೆ ಇದು ಸಿಕ್ಕಿಲ್ಲ.

ಎರಡನೆಯ ಪ್ರಶ್ನೆಗೆ ಬರೋಣ. ಸದ್ದುಗದ್ದಲದ ಆಟ ಅನ್ನುವ ದೂರು ಸುಳ್ಳಲ್ಲ. ಒಂದು ಕಾಲದಲ್ಲಿ ಯೆಲ್ಲೋಸ್ಟೋನ್‌ನ ಪಶ್ಚಿಮ ದ್ವಾರದಲ್ಲಿ ಟೂ-ಸ್ಟ್ರೋಕ್ ಗಾಡಿಗಳ ಹೊಗೆ ಎಷ್ಟಿತ್ತೆಂದರೆ, ಟಿಕೆಟ್ ಕೊಡುವವರ ಗೂಡುಗಳಿಗೆ ಶುದ್ಧ ಗಾಳಿಯನ್ನು ಪಂಪ್ ಮಾಡಬೇಕಾಗಿತ್ತು. ಈಗ ಅಲ್ಲಿ ಹೊಗೆಗೂ ಸದ್ದಿಗೂ ಮಿತಿ ಇದೆ, ಒಳಗೆ ಬರುವ ಗಾಡಿಗಳು ಫೋರ್-ಸ್ಟ್ರೋಕ್. ಈ ಬಿಗಿ ನಿಯಮಗಳ ಬಗ್ಗೆ ಗೊಣಗುವ ಸವಾರರಿದ್ದಾರೆ. ನಾನು ಅವರ ಪಕ್ಷವಲ್ಲ. ಆದರೆ ಬರೀ ಆಟ ಅನ್ನುವುದನ್ನು ಒಪ್ಪಲಾರೆ. ಕೆನಡಾದ ಕ್ವಿಬೆಕ್‌ನ ಜೋಸೆಫ್ ಅರ್ಮಾನ್ ಬೊಂಬಾರ್ಡಿಯೆ ಅವರ ಎಳೆಯ ಮಗ 1934ರ ಚಳಿಗಾಲದಲ್ಲಿ, ಹಿಮ ಮುಚ್ಚಿದ ದಾರಿಯಿಂದಾಗಿ ಆಸ್ಪತ್ರೆಗೆ ಸೇರಿಸಲಾಗದೆ ತೀರಿಕೊಂಡ. ಹಿಮದ ಮೇಲೆ ಓಡುವ ಗಾಡಿಗಾಗಿ ಮೊದಲೇ ಒದ್ದಾಡುತ್ತಿದ್ದ ಆ ಮನುಷ್ಯ ಅದನ್ನು ಮಾಡಿಯೇ ತೀರಿದರು. ಅವರ ಮೊದಲ ಗಾಡಿ ಏಳು ಜನ ಕೂರುವಂಥದ್ದು, ಮೋಜಿನದಲ್ಲ. ನಾವೆಲ್ಲ ಓಡಿಸುವ ಬಗೆಯ ಚಿಕ್ಕ ಸ್ಕಿ-ಡೂ ಬಂದದ್ದು 1959ರಲ್ಲಿ.

ಹೋಗುವುದಾದರೆ ಮೊದಲ ಸಲ ಗೈಡ್ ಇರುವ ಕಡೆಯೇ ಹೋಗಿ. ಯೆಲ್ಲೋಸ್ಟೋನ್‌ನಲ್ಲಿ ಓಡಿಸಲು ಚಾಲನಾ ಪರವಾನಗಿ ಇರಲೇಬೇಕು, ಮರೆಯಬೇಡಿ. ಹೆಲ್ಮೆಟ್ ಆರಿಸುವಾಗ ಬಣ್ಣ ನೋಡದೆ ವೈಸರ್ ನೋಡಿ. ಉಸಿರಿನ ಹಬೆ ಕಟ್ಟಿ ಹೆಪ್ಪುಗಟ್ಟಿತೆಂದರೆ ಬೈಸನ್ ಬಂದರೂ ಕಾಣುವುದಿಲ್ಲ. ಹಾಗೆಯೇ, ಹಿಂದಿನ ಸೀಟಿಗೆ ಒಪ್ಪಿಕೊಳ್ಳಬೇಡಿ. ಹಿಂದೆ ಕೂತವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಅಕ್ಕ ಓಲ್ಡ್ ಫೇಯ್ತ್‌ಫುಲ್‌ನಿಂದ ವಾಪಸ್ಸು ಹೊರಡುವಾಗಲೇ ಭಾವನನ್ನು ಹಿಂದಕ್ಕೆ ಕಳಿಸಿ ತಾನೇ ಹ್ಯಾಂಡಲ್ ಹಿಡಿದಳು.