ಔಷಧಿ ಕೌಂಟರಿನಲ್ಲಿ ಕೂತವರು ಬರೆಯಬೇಕಾದ ಲೇಖನ

ನಮಸ್ಕಾರ.

ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವ ನೀವು ಕಳಿಸಿದ ‘ಕುಡಿತ ಬಿಡಿಸಲು ಸರ್ಕಾರಕ್ಕೆ ಹತ್ತು ಸೂತ್ರ’ ಲೇಖನ ಪೂರ್ತಿ ಓದಿದೆ. ಹೆಸರು ಹಾಕದೆ ಉತ್ತರ ಕೊಡಿ ಅಂದಿದ್ದೀರಿ, ಹಾಗೇ ಆಗಲಿ. ಇದನ್ನು ಪ್ರಕಟಿಸಲು ಆಗುವುದಿಲ್ಲ. ಭಾಷೆಯ ತಕರಾರಲ್ಲ, ಅದನ್ನು ನಾವೇ ತಿದ್ದಿಕೊಳ್ಳುತ್ತಿದ್ದೆವು. ನಿಮ್ಮ ಎರಡು ಸೂತ್ರಗಳು ಅಪಾಯಕಾರಿ. ಉಳಿದ ಎಂಟನ್ನು ಯಾರಿಗೆ ಹೇಳುತ್ತಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ.

ಅಪಾಯದ್ದು ಮೊದಲು. ನಾಲ್ಕನೇ ಸೂತ್ರದಲ್ಲಿ ‘ಮನೆಯವರು ಗಟ್ಟಿ ಮನಸ್ಸು ಮಾಡಿ ಒಂದು ವಾರ ಕೋಣೆಯಲ್ಲಿ ಕೂಡಿಹಾಕಿದರೆ ಚಟ ತಾನಾಗಿ ಬಿಡುತ್ತದೆ’ ಎಂದಿದ್ದೀರಿ. ಇದನ್ನು ಓದಿ ಯಾರಾದರೂ ಹಾಗೇ ಮಾಡಿದರೆ ಒಂದು ಜೀವ ಹೋಗಬಹುದು. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ದಿಕ್ಕು ತಪ್ಪುತ್ತದೆ, ಇಲ್ಲದ ಹುಳಹುಪ್ಪಟೆ ಕಾಣುತ್ತದೆ, ಜ್ವರ ಏರುತ್ತದೆ. ಡಾಕ್ಟರುಗಳು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಊರಲ್ಲಿ ಗಾಳಿ ಸೋಕಿದೆ ಅಂದುಬಿಡುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡನ್ನು ಡಾಕ್ಟರ ನಿಗಾದಲ್ಲಿ ಒಂದು ವಾರದಷ್ಟು ಕಾಲ ಪ್ರಮಾಣ ಇಳಿಸುತ್ತಾ ಕೊಡುವುದು, ಜೊತೆಗೆ ಥಯಾಮಿನ್ (ಬಿ1 ವಿಟಮಿನ್) ಕೊಡುವುದು, ಇದೇ ಮುಖ್ಯ ಚಿಕಿತ್ಸೆ, ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಈ ಮಾತ್ರೆಗಳು ನಿಮ್ಮ ಕೌಂಟರಿನ ಹಿಂದಿನ ಕಪಾಟಿನಲ್ಲೇ ಇರಬೇಕು, ಅಲ್ವಾ?

ಆರನೇ ಸೂತ್ರ ಇನ್ನೂ ಗಾಬರಿ ಹುಟ್ಟಿಸಿತು. ‘ಹೆಂಡತಿಯರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಮಾತ್ರೆ ಕೊಡಬೇಕು’ ಅಂತ ಬರೆದಿದ್ದೀರಿ. (ವಾಕ್ಯವೂ ಎಡವಿದೆ. ಗೊತ್ತಾಗಬಾರದ್ದು ಗಂಡನಿಗೆ.) ನೀವು ಹೇಳುತ್ತಿರುವುದು ಡೈಸಲ್ಫಿರಾಮ್ ಇರಬೇಕು. ಅದನ್ನು ತಿಂದವನು ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ಕಾಯಿಲೆ ಇದ್ದರೆ ಪ್ರಾಣಕ್ಕೇ ಕುತ್ತು. ಅವನಿಗೆ ಎಲ್ಲ ಹೇಳಿ, ಅವನು ಒಪ್ಪಿದ ಮೇಲಷ್ಟೇ ಕೊಡುವ ಔಷಧಿ ಅದು. ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತಿನಲ್ಲಿ ಇಂಥ ಮಾತು ಇದ್ದರೆ ಆಶ್ಚರ್ಯವಿಲ್ಲ. ಡಿ ಫಾರ್ಮಾ ಓದಿದ ನೀವು ಬರೆಯಬಾರದಿತ್ತು.

ಈಗ ಉಳಿದ ಎಂಟು. ಒಂದೊಂದೂ ‘ಸರ್ಕಾರ ಎಚ್ಚೆತ್ತುಕೊಳ್ಳಬೇಕು’ ಅಂತ ಮುಗಿಯುತ್ತದೆ. ಯಾವ ಸರ್ಕಾರ? ಯಾವ ಇಲಾಖೆ? ಸೇವೆ ಸುಧಾರಿಸಬೇಕು ಅನ್ನುವವರಿಗೆ ಆ ಸೇವೆ ಯಾರ ಕೈಯಲ್ಲಿದೆ ಅಂತ ಗೊತ್ತಿರಬೇಕು. ಕರ್ನಾಟಕದಲ್ಲಿ ಅದು ಹಂಚಿಹೋಗಿದೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಮುಕ್ತಿ ಕೇಂದ್ರಗಳಿಗೆ ಅನುದಾನ ಬರುವುದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದಿಂದ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ ಆರೋಗ್ಯ ಇಲಾಖೆಯದು. ಅರಿವು ಮೂಡಿಸಲು ಮದ್ಯಪಾನ ಸಂಯಮ ಮಂಡಳಿ ಇದೆ. ಗಾಂಜಾ ಸಿಕ್ಕರೆ ಪೊಲೀಸರು. ದುಡ್ಡು ಎಣಿಸುವುದು ಅಬಕಾರಿ ಇಲಾಖೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಕೇರಳದಲ್ಲಿ ‘ವಿಮುಕ್ತಿ’ ಎಂಬ ವ್ಯಸನಮುಕ್ತಿ ಕಾರ್ಯಕ್ರಮ ನಡೆಸುವುದೇ ಅಬಕಾರಿ ಇಲಾಖೆ. ಅದರ ಚಿಕಿತ್ಸಾ ಕೇಂದ್ರಗಳು ಸರ್ಕಾರಿ ಆಸ್ಪತ್ರೆಗಳಲ್ಲೇ ಇವೆ. ಮದ್ಯದ ದುಡ್ಡು ಎಣಿಸುವ ಇಲಾಖೆಯೇ ಚಿಕಿತ್ಸೆಯ ಹೊಣೆ ಹೊರುವುದು ಸರಿಯೋ ತಪ್ಪೋ, ಅದು ಜಗಳ ಆಡಬಹುದಾದ ವಿಷಯ. ನನಗೆ ಅರ್ಧ ಸರಿ ಅನ್ನಿಸುತ್ತದೆ. ನೀವು ಆ ಜಗಳಕ್ಕೆ ಇಳಿದಿದ್ದರೆ ನಿಮ್ಮ ಲೇಖನಕ್ಕೆ ಬೆನ್ನುಮೂಳೆ ಬರುತ್ತಿತ್ತು.

ಒಂದನೇ ಸೂತ್ರ ಪಾನನಿಷೇಧ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಇಷ್ಟನ್ನಾದರೂ ಹೇಳದೆ ನಿಷೇಧ ಬೇಕು ಅಂದರೆ ಓದುಗರು ನಂಬುವುದಿಲ್ಲ. ಮುಂದಕ್ಕೆ ಹೋಗುತ್ತೇನೆ.

ಎರಡನೇ ಸೂತ್ರ ‘ತಾಲ್ಲೂಕಿಗೊಂದು ಸುಸಜ್ಜಿತ ಡಿ-ಅಡಿಕ್ಷನ್ ಕಟ್ಟಡ’. ಕಟ್ಟಡ ಕೇಳುವುದು ಸುಲಭ, ಉದ್ಘಾಟನೆಗೂ ಚೆನ್ನ. ಆದರೆ ‘ಅಂಕಿಅಂಶಗಳ ಪ್ರಕಾರ ಲಕ್ಷಾಂತರ ಜನ’ ಅಂತ ಬರೆದ ಕಡೆ ನಿಜವಾದ ಅಂಕಿ ಹಾಕಿ ನೋಡಿ. ಏಮ್ಸ್‌ನವರು ದೇಶವಿಡೀ ಸಮೀಕ್ಷೆ ಮಾಡಿದ ವರದಿ 2019ರಲ್ಲಿ ಬಂತು. ಕುಡಿತ ಬಿಡಲಾಗದ ಹಂತ ಮುಟ್ಟಿದವರು ಸುಮಾರು 2.9 ಕೋಟಿ. ಅವರಲ್ಲಿ ಯಾವುದೋ ಒಂದು ಬಗೆಯ ಚಿಕಿತ್ಸೆ ಅಥವಾ ಸಹಾಯ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180 ಜನರಲ್ಲಿ ಒಬ್ಬರಿಗೆ. ಇಷ್ಟು ಜನಕ್ಕೆ ಹಾಸಿಗೆ ಹಾಕಿ ಮುಗಿಯುತ್ತದಾ? ಮುಗಿಯುವುದಿಲ್ಲ. ಹಲವರಿಗೆ ಹಾಸಿಗೆಯೇ ಬೇಕಾಗಿಲ್ಲ, ಹೊರರೋಗಿಯಾಗಿ ಬಂದು ಹೋದರೆ ಸಾಕು.

ಇದನ್ನು ನಾವು ಬೇರೆ ಕಡೆಯಿಂದ ಕಲಿಯಬೇಕಾಗಿಯೂ ಇಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಹತ್ತು ಸೂತ್ರದಲ್ಲಿ ಮಂಗಳವಾರದ ಸುದ್ದಿಯೇ ಇಲ್ಲ!

ನಿಮ್ಮ ಲೇಖನದಲ್ಲಿ ಒಂದೇ ಒಂದು ಔಷಧಿಯ ಹೆಸರೂ ಇಲ್ಲ. ಔಷಧಿ ಕೊಡುವವರು ಬರೆದದ್ದು ಅಂತ ಯಾರೂ ಹೇಳಲಾರರು. ನಾನು ತಿಳಿಯಬೇಕಾದದ್ದು ಇದು. ಮಂಗಳವಾರ ಬರೆದ ಚೀಟಿ ಹಿಡಿದು ಎಷ್ಟು ಜನ ನಿಮ್ಮ ಕಿಟಕಿಗೆ ಬರುತ್ತಾರೆ? ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ನಿಮ್ಮಲ್ಲಿ ಸ್ಟಾಕ್ ಇದೆಯಾ, ಹೊರಗೆ ಬರೆದುಕೊಡುತ್ತಾರಾ? ಹೊರಗಾದರೆ ತಿಂಗಳಿಗೆ ಎಷ್ಟಾಗುತ್ತದೆ? ವಾರ್ಡಿನಲ್ಲಿ ಕುಡಿತ ಬಿಡಿಸಿ ಕಳಿಸಿದ ಮನುಷ್ಯ ಮುಂದಿನ ತಿಂಗಳು ಬರದಿದ್ದರೆ ಅವನಿಗೆ ಫೋನ್ ಮಾಡುವ ಕೆಲಸ ಯಾರದು? ಡಾಕ್ಟರ ನಿಗಾ, ಔಷಧಿ ಇದ್ದರೆ ಮೊದಲ ವಾರ ದಾಟಿಬಿಡಬಹುದು. ಸೋಲುವುದು ಆಮೇಲಿನ ತಿಂಗಳುಗಳಲ್ಲಿ, ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ. ಮತ್ತೆ ಕುಡಿದು ಬಂದವನನ್ನು ನಿಮ್ಮ ಆಸ್ಪತ್ರೆ ಹೇಗೆ ಮಾತಾಡಿಸುತ್ತದೆ ಅನ್ನುವುದೇ ಸುಧಾರಣೆಯ ವಿಷಯ. ಅದನ್ನು ನೀವು ದಿನಾ ನೋಡುತ್ತೀರಿ, ನಾನು ನೋಡುವುದಿಲ್ಲ.

ಒಂಬತ್ತನೇ ಸೂತ್ರದಲ್ಲಿ ‘ಗಾಂಜಾ ಸೇದುವ ಹುಡುಗರನ್ನು ಹಿಡಿದು ಸರಪಳಿ ಹಾಕಿ ಸೆಂಟರಿನಲ್ಲಿ ಕೂರಿಸಬೇಕು’ ಅನ್ನುತ್ತೀರಿ. ಸಿಟ್ಟು ಅರ್ಥವಾಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಗಳೂ ಸೇರಿವೆ. ಆ ಕಾಯ್ದೆ ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಿದೆ. 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಇನ್ನೂ ಮುಖ್ಯ. ಸೇವನೆಯ ಕೇಸಿನಲ್ಲೋ ಸಣ್ಣ ಪ್ರಮಾಣದ ಕೇಸಿನಲ್ಲೋ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆಗೆ ಒಪ್ಪಿದರೆ ವಿಚಾರಣೆಯಿಂದ ರಕ್ಷಣೆ ಇದೆ, ಆದರೆ ಚಿಕಿತ್ಸೆ ಪೂರ್ತಿ ಮಾಡಬೇಕು. ನಿಮ್ಮ ಊರಿನ ಠಾಣೆಯಲ್ಲಿ ಈ ಕಲಮನ್ನು ಯಾರಾದರೂ ಬಳಸಿದ್ದಾರಾ ಕೇಳಿ. ಇದನ್ನು ಬೇರೆಯೇ ಲೇಖನ ಮಾಡಿ. ಈ ಲೇಖನಕ್ಕೆ ತುರುಕಬೇಡಿ.

ಸದ್ಯಕ್ಕೆ ‘ಸೂತ್ರ’ಗಳನ್ನೆಲ್ಲ ತೆಗೆಯಿರಿ. ಒಂದೇ ಬೇಡಿಕೆ ಇಟ್ಟುಕೊಳ್ಳಿ: ತಾಲ್ಲೂಕು ಆಸ್ಪತ್ರೆಯಲ್ಲಿ ಈ ಔಷಧಿಗಳು ವರ್ಷವಿಡೀ ಇರಬೇಕು, ಬಿಟ್ಟುಹೋದವರನ್ನು ಹುಡುಕಿ ಮಾತಾಡಿಸಲು ಒಬ್ಬ ಕೌನ್ಸೆಲರ್ ಇರಬೇಕು. ಅದನ್ನು ಆರೋಗ್ಯ ಇಲಾಖೆಯ ಮುಂದೆಯೇ ಇಡಿ. ರೋಗಿಗಳ ಹೆಸರು, ಊರು, ಗುರುತು ಸಿಗುವ ವಿವರ ಯಾವುದೂ ಬೇಡ. ಒಳಗಿನ ಸ್ಟಾಕ್ ಲೆಕ್ಕ ಬರೆದರೆ ಕೆಲಸಕ್ಕೆ ತೊಂದರೆ ಅನ್ನಿಸಿದರೆ ಮಾಹಿತಿ ಹಕ್ಕಿನಲ್ಲಿ ಬೇರೆಯವರ ಕೈಯಲ್ಲಿ ಅರ್ಜಿ ಹಾಕಿಸಿ, ಬಂದ ಉತ್ತರವನ್ನೇ ಬಳಸಿ. ಕೊನೆಗೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446 ಹಾಕಿ. ಓದುವವರ ಮನೆಯಲ್ಲೇ ಯಾರಿಗಾದರೂ ಬೇಕಾಗಿರಬಹುದು.

ಸಾವಿರ ಪದ ಮೀರದಿರಲಿ. ನಿಮ್ಮ ಹೆಸರು ಬೇಡವಾದರೆ ಅಂಕಿತನಾಮದಲ್ಲೇ ಹಾಕೋಣ. ಔಷಧಿಗಳ ಬಗ್ಗೆ ಬರೆದ ಭಾಗವನ್ನು ಅಚ್ಚಿಗೆ ಮುಂಚೆ ಒಬ್ಬ ಮನೋವೈದ್ಯರಿಗೆ ತೋರಿಸುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಇಂತಿ,
ಸಂಪಾದಕ